ಮಧ್ಯಕ್ಕೆ ಎಣ್ಣೆ ಬೇಡ

ನಾನು ಬಿಇ ಮಾಡಿದ್ದು ಮೆಕ್ಯಾನಿಕಲ್‌ನಲ್ಲಿ. ಆಫೀಸಿನಲ್ಲಿ ಇದನ್ನು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ, ಅಕ್ಕಪಕ್ಕದ ಮೂರು ಸೀಟಿನವರೂ ಅದೇ ಕಥೆಯವರು. ಕ್ಯಾಂಪಸ್ಸಿಗೆ ಸಾಫ್ಟ್‌ವೇರ್ ಕಂಪನಿ ಬಂತು, ಹೋದ್ವಿ, ಅಷ್ಟೆ. ಆದರೆ ಊರಲ್ಲಿ ಮತ್ತು ನೆಂಟರ ಮಧ್ಯೆ ನಾನು ಇವತ್ತಿಗೂ 'ಮಿಷಿನ್ ಇಂಜಿನಿಯರು'. ಮಿಕ್ಸಿ ಕೆಟ್ಟರೆ ಫೋನು, ಬೋರ್‌ವೆಲ್ ಮೋಟಾರು ಸುಟ್ಟರೆ ಫೋನು. ಹೋದ ವರ್ಷ ದೊಡ್ಡಪ್ಪನ ಮಗನ ಫೋನು ಬಂದಾಗಲೂ ಇಂಥದ್ದೇ ಏನೋ ಅಂದುಕೊಂಡೆ.

ಅಣ್ಣನದು ಪೀಣ್ಯದಲ್ಲಿ ಒಂದು ಸಣ್ಣ ಪ್ರೆಸ್ ಶಾಪ್. ಜಾಲಹಳ್ಳಿ ಮೆಟ್ರೋ ಇಳಿದು ಒಳಗೆ ಹೋದರೆ ಸಿಗುವ ನೂರಾರು ಶೆಡ್‌ಗಳಲ್ಲಿ ಒಂದು. ನಾಲ್ಕು ಪವರ್ ಪ್ರೆಸ್ಸು, ಒಂದು 100 ಟನ್ನಿನ ಹೈಡ್ರಾಲಿಕ್ ಪ್ರೆಸ್ಸು, ಹನ್ನೆರಡು ಜನ. ಪಂಪ್‌ಸೆಟ್ ಮೋಟಾರಿನ ಹಿಂದುಗಡೆ ಮುಚ್ಚುವ ಬಟ್ಟಲಿನಂಥ ಕವರ್ ಇರುತ್ತಲ್ಲ, ಅದನ್ನು ಜಾಬ್ ವರ್ಕಿನಲ್ಲಿ ಒತ್ತಿ ಕೊಡುತ್ತಾರೆ.

"ಲೋ, ನೂರಕ್ಕೆ ಎಂಟು ಒಂಬತ್ತು ರಿಜೆಕ್ಷನ್ ಹೋಗ್ತಾ ಇದೆ. ಹೋದ ಲಾಟು ಪೂರ್ತಿ ವಾಪಸ್ ಕಳಿಸವ್ರೆ. ನೀನು ಅದೇನೋ ಡೇಟಾ ನೋಡಿ ಹೇಳ್ತೀಯಂತಲ್ಲ, ಭಾನುವಾರ ಬಂದು ಸ್ವಲ್ಪ ನೋಡೋ" ಅಂದ.

ಆಫೀಸಿನಲ್ಲಿ ನನ್ನ ಕೆಲಸ ಎ/ಬಿ ಟೆಸ್ಟಿಂಗ್. ಬಟನ್ ಹಸಿರಿದ್ದರೆ ಜನ ಜಾಸ್ತಿ ಒತ್ತುತ್ತಾರೋ ಕಿತ್ತಳೆ ಇದ್ದರೋ ಅಂತ ಲೆಕ್ಕ ಹಾಕುವುದು. ಅದನ್ನು ಹತ್ತು ವರ್ಷ ಮಾಡಿದವನಿಗೆ ಕಬ್ಬಿಣದ ಬಟ್ಟಲು ಯಾವ ಲೆಕ್ಕ? ಹೋದೆ.

ಅಲ್ಲಿ ಆಗುವ ಕೆಲಸ ಇಷ್ಟು. 190 ಮಿಲಿಮೀಟರ್ ಅಗಲದ ದುಂಡನೆಯ ತಗಡು, 1.2 ಮಿ.ಮೀ. ದಪ್ಪ. ಅದನ್ನು ಒಂದೇ ಏಟಿಗೆ 110 ಮಿ.ಮೀ. ಅಗಲದ, ನಾಲ್ಕೂವರೆ ಸೆಂಟಿಮೀಟರ್ ಆಳದ ಬಟ್ಟಲು ಮಾಡಬೇಕು. ಕೆಳಗೆ ಗಟ್ಟಿ ಪಂಚ್ ನಿಂತಿರುತ್ತದೆ, ಸುತ್ತ ಒಂದು ಉಂಗುರ. ತಗಡನ್ನು ಅದರ ಮೇಲೆ ಇಡುತ್ತಾರೆ. ಮೇಲಿಂದ ಡೈ ಇಳಿದು ಬಂದು ತಗಡಿನ ಅಂಚನ್ನು ಉಂಗುರದ ಮೇಲೆ ಅದುಮಿ ಹಿಡಿದುಕೊಂಡೇ ಕೆಳಗೆ ಎಳೆಯುತ್ತದೆ. ಪಂಚ್ ಇದ್ದಲ್ಲೇ ಇರುತ್ತದೆ, ತಗಡು ಅದರ ಮೈಗೆ ಸುತ್ತಿಕೊಳ್ಳುತ್ತದೆ. ಉಂಗುರ ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದನ್ನು ಅಡಿಯಲ್ಲಿರುವ ಕುಶನ್ನಿನ ವಾಲ್ವು ತಿರುಗಿಸಿ ಹೊಂದಿಸುತ್ತಾರೆ.

ಬಿಗಿ ಯಾಕೆ ಬೇಕು ಅಂತ ನೋಡಬೇಕಾದರೆ ಒಂದು ಕರ್ಚೀಫನ್ನು ಚೊಂಬಿನ ಬಾಯಿಗೆ ಹಾಸಿ ಮುಷ್ಟಿಯಿಂದ ಒಳಗೆ ತಳ್ಳಿ. ಸುತ್ತ ನೆರಿಗೆ ಬೀಳುತ್ತದೆ. ದೊಡ್ಡ ವೃತ್ತ ಸಣ್ಣ ವೃತ್ತಕ್ಕೆ ಇಳಿಯುವಾಗ ಮಿಕ್ಕ ಬಟ್ಟೆ ಎಲ್ಲಿಗಾದರೂ ಹೋಗಬೇಕಲ್ಲ! ತಗಡಿಗೂ ಅದೇ ಗತಿ. ನೆರಿಗೆ ಬೀಳಬಾರದು ಅಂದರೆ ಅಂಚನ್ನು ಅದುಮಬೇಕು. ಜಾಸ್ತಿ ಅದುಮಿದರೆ ತಗಡು ಒಳಗೆ ಹರಿದು ಬರುವುದಿಲ್ಲ, ಬಟ್ಟಲಿನ ತಳದ ಮೂಲೆಯಲ್ಲಿ ಸೀಳು ಬಿಡುತ್ತದೆ. ಇತ್ತ ನೆರಿಗೆ, ಅತ್ತ ಸೀಳು, ನಡುವೆ ಒಂದು ಸಣ್ಣ ಓಣಿ. ಅಣ್ಣನ ರಿಜೆಕ್ಷನ್ ಗುಡ್ಡೆಯಲ್ಲಿ ಎರಡೂ ಇದ್ದವು, ಹೆಚ್ಚುಕಮ್ಮಿ ಅರ್ಧರ್ಧ.

ಆ ಪ್ರೆಸ್ಸನ್ನು ನಡೆಸುವವರು ಗುಬ್ಬಿ ಕಡೆಯವರು, ಐವತ್ತರ ಮೇಲಾಗಿದೆ. ಶಾಪಿನಲ್ಲಿ ಎಲ್ಲರೂ ಮೇಸ್ತ್ರಿ ಅಂತಾರೆ. ನಾನು ಮೊದಲ ದಿನ ಒಂದು ಗಂಟೆ ಅವರ ಪಕ್ಕ ನಿಂತೆ. ಅವರು ಹತ್ತು ಪೀಸಿಗೊಂದು ಸಲ ಕುಶನ್ ವಾಲ್ವನ್ನು ಸ್ವಲ್ಪ ಮುಟ್ಟುತ್ತಿದ್ದರು. ಪ್ರತಿ ತಗಡಿಗೂ ಬ್ರಶ್ಶಿನಲ್ಲಿ ಎಣ್ಣೆ ಹಚ್ಚಿ, ಆಮೇಲೆ ಒಂದು ಬನಿಯನ್ ವೇಸ್ಟಿನಿಂದ ಅಡಿಭಾಗವನ್ನು ಒರೆಸುತ್ತಿದ್ದರು. ಹಚ್ಚುವುದೇಕೆ, ಒರೆಸುವುದೇಕೆ? ನಾನು ಕೇಳಲಿಲ್ಲ. ಎಣ್ಣೆ ಉಳಿಸುತ್ತಿದ್ದಾರೆ ಅಂದುಕೊಂಡೆ.

ಒಂದು ವಾರದ ಲೆಕ್ಕ ಬರೆಸಿದೆ. ಎಕ್ಸೆಲ್ಲಿನಲ್ಲಿ ಸಮಯ, ಕುಶನ್ ಒತ್ತಡ, ಸುಕ್ಕು ಎಷ್ಟು, ಹರಿದದ್ದು ಎಷ್ಟು. ಕೊನೆಯಲ್ಲಿ ಒಂದು ಕಾಲಮ್ಮು ನಾನೇ ಸೇರಿಸಿದ್ದು: 'ಆಪರೇಟರ್ ತಪ್ಪು'. ಆ ಎರಡು ಪದ ಟೈಪ್ ಮಾಡಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ.

ಶನಿವಾರ ಅಣ್ಣನಿಗೆ ವರದಿ ಒಪ್ಪಿಸಿದೆ. ಡೆಮಿಂಗ್ ಅಂತ ಒಬ್ಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಇದ್ದ. ಪ್ರತಿ ಫಲಿತಾಂಶ ನೋಡಿ ಮಿಷಿನ್ ಸೆಟ್ಟಿಂಗ್ ಬದಲಿಸುತ್ತಾ ಹೋದರೆ ಏರುಪೇರು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ ಅಂತ ಒಂದು ಆಲಿಕೆ ಮತ್ತು ಗೋಲಿ ಇಟ್ಟುಕೊಂಡು ತೋರಿಸುತ್ತಿದ್ದ. ಅದನ್ನು ಅಣ್ಣನಿಗೆ ಟೀ ಲೋಟ, ಸಕ್ಕರೆ ಪೊಟ್ಟಣ ಇಟ್ಟು ವಿವರಿಸಿದೆ. "ಮೇಸ್ತ್ರಿ ಮುಟ್ಟೋದೇ ಪ್ರಾಬ್ಲಮ್ಮು. ಸರಿಯಾದ ಸೆಟ್ಟಿಂಗ್ ಕಂಡುಹಿಡಿದು ವಾಲ್ವಿಗೆ ಬೀಗ ಹಾಕೋಣ." ಡೆಮಿಂಗ್ ಹೇಳಿದ್ದು ನಿಜ. ಅದು ಇಲ್ಲಿ ಅನ್ವಯಿಸುತ್ತಾ ಅಂತ ನೋಡಬೇಕಾದವನು ನಾನಾಗಿದ್ದೆ.

ಸರಿಯಾದ ಸೆಟ್ಟಿಂಗ್ ಹುಡುಕುವುದು ನನಗೆ ಬಹಳ ಇಷ್ಟದ ಭಾಗ. ಬದಲಿಸಬಹುದಾದ ಸಂಗತಿ ನಾಲ್ಕು: ಕುಶನ್ ಬಿಗಿ, ಎಣ್ಣೆ, ಪ್ರೆಸ್ಸಿನ ವೇಗ, ತಗಡಿನ ವೃತ್ತದ ಅಳತೆ. ಒಂದೊಂದಕ್ಕೂ ಮೂರು ಮಟ್ಟ. ಕುಶನ್ ಮೂರು ಟನ್, ನಾಲ್ಕೂವರೆ, ಆರು. ಎಣ್ಣೆ ಅಂದರೆ ಈಗಿರುವ ಹಳೇ ಹೈಡ್ರಾಲಿಕ್ ಆಯಿಲ್ಲು, ಡ್ರಾಯಿಂಗ್ ಆಯಿಲ್ಲು, ಡ್ರಾಯಿಂಗ್ ಆಯಿಲ್ಲಿನ ಜೊತೆ ತೆಳ್ಳನೆ ಪಾಲಿಥೀನ್ ಹಾಳೆ. ವೇಗ ನಿಧಾನ, ಮಧ್ಯಮ, ಜೋರು. ವೃತ್ತ 186, 188, 190. ಎಲ್ಲಾ ಜೋಡಣೆ ಮಾಡಿ ನೋಡುತ್ತೇನೆ ಅಂದರೆ 81 ಪ್ರಯೋಗ. ಒಂದೊಂದಕ್ಕೆ ಇಪ್ಪತ್ತು ಪೀಸು ಅಂದರೂ 1620 ತಗಡು. ಅಣ್ಣ ನನ್ನನ್ನೇ ಡೈ ಒಳಗೆ ಇಡುತ್ತಿದ್ದ.

ಇದಕ್ಕೆ ಒಂದು ಚಂದದ ದಾರಿ ಇದೆ. ಒಂಬತ್ತು ಸಾಲು, ನಾಲ್ಕು ಕಾಲಮ್ಮಿನ ಒಂದು ಕೋಷ್ಟಕ. ಯಾವ ಎರಡು ಕಾಲಮ್ಮು ತೆಗೆದುಕೊಂಡರೂ ಅವುಗಳ ಮಟ್ಟಗಳ ಒಂಬತ್ತೂ ಜೋಡಿ ಒಂದೊಂದೇ ಸಲ ಬರುವ ಹಾಗೆ ಹೆಣೆದಿರುತ್ತಾರೆ. ಹಾಗಾಗಿ ಒಂಬತ್ತೇ ಪ್ರಯೋಗದಲ್ಲಿ ನಾಲ್ಕರದ್ದೂ ಪರಿಣಾಮವನ್ನು ಬೇರೆ ಬೇರೆ ಮಾಡಿ ಓದಬಹುದು. ಜಗತ್ತಿನ ಕಾರ್ಖಾನೆಗಳಲ್ಲಿ ಇದು ಟಗೂಚಿ ವಿಧಾನ ಅಂತಲೇ ಪ್ರಸಿದ್ಧಿ. ಆದರೆ ಈ ಬಗೆಯ ಕೋಷ್ಟಕಗಳಿಗೆ ಗಣಿತದ ತಳಪಾಯ ಹಾಕಿದವರು ಸಿ. ಆರ್. ರಾವ್, 1940ರ ದಶಕದಲ್ಲಿ, ಕಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದ್ದಾಗ. ಜಪಾನಿನ ಗೆನಿಚಿ ಟಗೂಚಿ 1954-55ರಲ್ಲಿ ಅದೇ ಸಂಸ್ಥೆಗೆ ಬಂದಿದ್ದರು. ಇನ್ನೂ ಒಂದು ವಿಷಯ: ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಹಡಗಲಿ ಅಂದರೆ ನನಗೆ ಮಲ್ಲಿಗೆ ಮಾತ್ರ ಗೊತ್ತಿತ್ತು. ಬಿಇಯಲ್ಲಿ ಈ ಕೋಷ್ಟಕವನ್ನು ಬಾಯಿಪಾಠ ಮಾಡಿಸಿದ ಯಾರೂ ಈ ಸಂಗತಿ ಹೇಳಿರಲಿಲ್ಲ.

ಭಾನುವಾರ ಒಂಬತ್ತು ಸಾಲು, ಸಾಲಿಗೆ ಇಪ್ಪತ್ತು ಪೀಸು ಒತ್ತಿದೆವು. ಪ್ರಯೋಗ ಶುದ್ಧವಾಗಿರಬೇಕು ಅಂತ ನಾನು ಕಟ್ಟುನಿಟ್ಟು ಮಾಡಿದೆ. ಮೇಸ್ತ್ರಿಗೆ ರಜೆ. ಎಣ್ಣೆ ಹಚ್ಚುವುದು ಹೊಸದಾಗಿ ಸೇರಿದ್ದ ಹುಡುಗ, ಒಂದೇ ಬ್ರಶ್ಶು, ಎರಡೂ ಮೈಗೆ ಪೂರ್ತಿ, ಒಂದೇ ಸಮ. ಒರೆಸುವ ಹಾಗಿಲ್ಲ.

ಫಲಿತಾಂಶ ಬಂತು. ವೇಗದಿಂದ ಹೆಚ್ಚೇನೂ ಆಗುವುದಿಲ್ಲ. ಪಾಲಿಥೀನ್ ಬಹಳ ಒಳ್ಳೆಯದು, ಆದರೆ "ಹಾಕಿ ತೆಗೆಯೋಕೆ ಇನ್ನೊಬ್ಬ ಆಳು ಬೇಕು ಕಣೋ" ಅಂತ ಅಣ್ಣ ಕೈ ಆಡಿಸಿದ. ಉಳಿದದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಆರು ಟನ್ ಕುಶನ್, ಡ್ರಾಯಿಂಗ್ ಆಯಿಲ್, 188ರ ವೃತ್ತ. ನೆರಿಗೆ ಸೊನ್ನೆ. ವಾಲ್ವಿಗೆ ಬೀಗ ಬಿತ್ತು. ಮೇಸ್ತ್ರಿಯನ್ನು ಬರ್ ತೆಗೆಯುವ ಬೆಂಚಿಗೆ ಹಾಕಿ, ಪ್ರೆಸ್ಸಿಗೆ ಹುಡುಗನನ್ನು ನಿಲ್ಲಿಸಿದರು. ಬಟನ್ ಒತ್ತಿದರೆ ಆಯ್ತು, ಇನ್ನೇನು ಕೆಲಸ.

ಸೋಮವಾರ ನೂರಕ್ಕೆ ಎರಡು. ಮಂಗಳವಾರ ನೂರಕ್ಕೆ ಎರಡು. ನಾನು ಆಫೀಸಿನಲ್ಲಿ ಪಕ್ಕದವನಿಗೆ ಗ್ರಾಫ್ ತೋರಿಸಿದೆ. ಬುಧವಾರ ಮಧ್ಯಾಹ್ನ ಅಣ್ಣ ಶಾಪಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿದ. ಕ್ರೇಟಿನ ತುಂಬ ತಳ ಹರಿದ ಬಟ್ಟಲು. ನೂರಕ್ಕೆ ಮೂವತ್ತರ ಹತ್ತಿರ.

ನಾನು ಮೀಟಿಂಗಿನಲ್ಲಿದ್ದೆ. ಟೇಬಲ್ಲಿನ ಕೆಳಗೆ ಫೋನ್ ಹಿಡಿದು ಟೈಪ್ ಮಾಡಿದೆ: "ಬೀಗ ತೆಗೆದು ವಾಲ್ವು ಮುಟ್ಟಿರೋದು ಯಾರು? ಮೇಸ್ತ್ರಿನ ಕೇಳಿ."

ಗ್ರೂಪಿನಲ್ಲಿ ಹನ್ನೆರಡು ಜನ ಇದ್ದರು. ಮೇಸ್ತ್ರಿಯೂ ಇದ್ದರು.

ಯಾರೂ ಮುಟ್ಟಿರಲಿಲ್ಲ. ಬೀಗ ಹಾಗೇ ಇತ್ತು, ಗೇಜಿನಲ್ಲಿ ಆರು ಟನ್ನೇ ಇತ್ತು. ಮೇಸ್ತ್ರಿ ಗುರುವಾರ ಕೆಲಸಕ್ಕೆ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಅಣ್ಣ ಹೇಳಿದ ಇನ್ನೊಂದು ಮಾತು ಆಮೇಲೆ ಗೊತ್ತಾಯಿತು: ಹಿಂದಿನ ತಿಂಗಳ ರಿಜೆಕ್ಷನ್ನಿಗೆ ನನ್ನ ಎಕ್ಸೆಲ್ ಶೀಟಿನ ಕೊನೇ ಕಾಲಮ್ಮು ನೋಡಿ ಅವರ ಇನ್ಸೆಂಟಿವ್ ಹಿಡಿದಿದ್ದರು. ಅದು ಆ ಮನೆಯ ಬಾಡಿಗೆಯ ಅರ್ಧ.

ಶನಿವಾರ ಸಂಜೆ ನಾನೇ ಅವರ ಮನೆಗೆ ಹೋದೆ. ದಾಸರಹಳ್ಳಿಯಲ್ಲಿ ಎರಡು ರೂಮಿನ ಮನೆ. ಬಾಗಿಲು ತೆಗೆದವರು ಬೈಯ್ಯಲಿಲ್ಲ, "ಬನ್ನಿ ಸಾ" ಅಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕಾಫಿ ಬಂತು. ನಾನು ತಪ್ಪಾಯ್ತು ಅನ್ನುವುದಕ್ಕೆ ಮುಂಚೆ ಅವರೇ ಕೇಳಿದರು, "ಬುಧವಾರ ಹೊಸ ಕಾಯಿಲ್ಲು ಹಾಕಿದ್ರಾ?"

ಹಾಕಿದ್ದರು. ನನಗೆ ಗೊತ್ತಿರಲಿಲ್ಲ.

"ನಾನು ಬರ್ ತೆಗೀತಾ ಕೂತಿದ್ದೋನಿಗೆ ಕೇಳಿಸ್ತು ಸಾ. ಮೆತ್ತಗಿರೋ ತಗಡು ಎಳೀವಾಗ ಸದ್ದು ಒಂಥರಾ, ಬಿರುಸಿರೋದು ಎಳೀವಾಗ ಇನ್ನೊಂಥರಾ. ಹುಡುಗುಂಗೆ ಹೇಳ್ದೆ. ವಾಲ್ವು ಇಳಿಸೋಕೆ ಬೀಗ ಅಲ್ವಾ?"

ನಮ್ಮದು ತಿಪಟೂರು ಸೀಮೆ. ತೆಂಗಿನಕಾಯಿಯನ್ನು ವರ್ಷದ ಹತ್ತಿರ ಅಟ್ಟದಲ್ಲಿ ಹಾಕಿ ಕೊಬ್ಬರಿ ಮಾಡುವ ಊರು. ಅಪ್ಪ ಕಾಯಿಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿ, ಒಳಗೆ ಗಿಟಕು ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುತ್ತಿದ್ದ. ಅದನ್ನು ನೋಡುತ್ತಾ ಬೆಳೆದವನು ನಾನು. ಅಪ್ಪ ಮಾಡಿದರೆ ಅದು ಅನುಭವ, ಮೇಸ್ತ್ರಿ ವಾಲ್ವು ಮುಟ್ಟಿದರೆ ಅದು ಏರುಪೇರು. ಹತ್ತು ಪೀಸಿಗೊಂದು ಸಲ ಅವರು ಸುಮ್ಮನೆ ಕೈ ಆಡಿಸುತ್ತಿರಲಿಲ್ಲ, ತಗಡಿಗೆ ಉತ್ತರ ಕೊಡುತ್ತಿದ್ದರು. ಎಲ್ಲ ಸಲವೂ ಸರಿಯಾದ ಉತ್ತರವಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಆಮೇಲೆ ಒರೆಸುವ ವಿಷಯ ಕೇಳಿದೆ. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ.

"ಅಂಚಿಗೆ ಎಣ್ಣೆ ಬೇಕು ಸಾ, ಜಾರಬೇಕು. ಮಧ್ಯಕ್ಕೆ ಎಣ್ಣೆ ಬೇಡ. ಪಂಚಿನ ತಲೆ ಮೇಲೆ ತಗಡು ಕಚ್ಕೊಂಡು ಕೂತ್ಕೊಬೇಕು. ಅಲ್ಲೂ ಜಾರಿದ್ರೆ ಮೂಲೇಲಿ ತೆಳ್ಳಗಾಗಿ ಹರೀತದೆ. ನಂಗೆ ಕಲಿಸಿದೋರು ಹಂಗೇ ಹೇಳ್ಕೊಟ್ರು."

ರಾತ್ರಿ ಮನೆಗೆ ಬಂದು ಅಟ್ಟದ ಮೇಲಿದ್ದ ಬಿಇ ಪುಸ್ತಕದ ಗಂಟು ಬಿಚ್ಚಿದೆ. ಡೀಪ್ ಡ್ರಾಯಿಂಗ್ ಅಧ್ಯಾಯ. ಪಂಚ್ ಮತ್ತು ತಗಡಿನ ನಡುವಿನ ಘರ್ಷಣೆ ಒಳ್ಳೆಯದು, ಡೈ ಮತ್ತು ಹೋಲ್ಡರಿನ ಕಡೆಯ ಘರ್ಷಣೆ ಕೆಟ್ಟದ್ದು ಅಂತ ಅದರಲ್ಲೇ ಇದೆ. ಬಟ್ಟಲಿನ ಗೋಡೆಯನ್ನು ಎಳೆಯುವ ಬಲವೆಲ್ಲ ತಳದ ಮೂಲೆಯ ಮೇಲೆ ಬೀಳುತ್ತದೆ, ಅದೇ ಎಲ್ಲಕ್ಕಿಂತ ದುರ್ಬಲ ಜಾಗ. ತಗಡು ಪಂಚಿಗೆ ಕಚ್ಚಿಕೊಂಡರೆ ಆ ಬಲದ ಒಂದು ಪಾಲನ್ನು ಪಂಚಿನ ಮೈಯೇ ಹೊತ್ತುಕೊಳ್ಳುತ್ತದೆ, ಮೂಲೆ ಬದುಕಿಕೊಳ್ಳುತ್ತದೆ. ಆ ಸಾಲಿನ ಕೆಳಗೆ ನಾನೇ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೆ. ಪಕ್ಕದಲ್ಲಿ 'ಇಂಪಾರ್ಟೆಂಟ್' ಅಂತ ಬರೆದಿದ್ದೆ. ಪರೀಕ್ಷೆಗೆ ಇಂಪಾರ್ಟೆಂಟು.

ಭಾನುವಾರ ಮೇಸ್ತ್ರಿ ಬಂದರು. ಅಣ್ಣ ಇನ್ಸೆಂಟಿವ್ ದುಡ್ಡನ್ನು ಕವರಿನಲ್ಲಿ ಹಾಕಿ ಕೊಟ್ಟ, ಅವರು ಎಣಿಸದೆ ಜೇಬಿಗೆ ಇಟ್ಟುಕೊಂಡರು. ಅದೇ ಬಿರುಸು ಕಾಯಿಲ್ಲಿನ ತಗಡು, ಅದೇ ಆರು ಟನ್ನು. ಪೂರ್ತಿ ಎಣ್ಣೆ ಹಚ್ಚಿ 25 ಒತ್ತಿದೆವು, ಅಡಿಯಲ್ಲಿ ನಡುಭಾಗ ಒರೆಸಿ 25. ಮೊದಲಿನದರಲ್ಲಿ ಒಂಬತ್ತು ಹರಿದವು, ಎರಡನೆಯದರಲ್ಲಿ ಎರಡು. ಹರಿಯದೆ ಉಳಿದದ್ದರಲ್ಲಿ ಒಂದೊಂದನ್ನು ಕೊಯ್ದು ಮೂಲೆಗೆ ಮೈಕ್ರೋಮೀಟರ್ ಹಿಡಿದೆವು. ಎಣ್ಣೆ ತುಂಬಿದ್ದು 0.92, ಒರೆಸಿದ್ದು 1.03. ಕಣ್ಣಿಗೆ ಎರಡೂ ಒಂದೇ ಥರ ಪಾಸಾದ ಬಟ್ಟಲು. ಪಾಸು-ಫೇಲು ಎಣಿಸುವುದನ್ನು ಬಿಟ್ಟು ದಪ್ಪ ಅಳೆದಿದ್ದರೆ ಸೋಮವಾರದ 'ನೂರಕ್ಕೆ ಎರಡು' ಎಂಥ ಅಂಚಿನಲ್ಲಿ ನಿಂತಿದೆ ಅಂತ ಅವತ್ತೇ ಕಾಣುತ್ತಿತ್ತು.

ಅಂದರೆ ನನ್ನ ಕೋಷ್ಟಕ ಸುಳ್ಳು ಹೇಳಿರಲಿಲ್ಲ. ನಾಲ್ಕು ಕಾಲಮ್ಮಿನ ಬಗ್ಗೆ ಕೇಳಿದ್ದೆ, ನಾಲ್ಕರ ಬಗ್ಗೆ ಹೇಳಿತ್ತು. ಐದನೆಯದನ್ನು ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯ ಜೊತೆಗೆ ಹೊರಗೆ ಕಳಿಸಿದ್ದೆ. ಆರನೆಯದು, ಅಂದರೆ ಕಾಯಿಲ್ಲಿನ ಗುಣ, ನನ್ನ ಪ್ರಯೋಗದ ದಿನ ಬದಲಾಗಲೇ ಇಲ್ಲ.

ಟಗೂಚಿಯ ಹೆಸರು ಹೇಳಿಕೊಂಡು ಓಡಾಡುತ್ತಿದ್ದ ನಾನು ಟಗೂಚಿಯ ಮುಖ್ಯ ಮಾತನ್ನೇ ಬಿಟ್ಟಿದ್ದೆ. 1953ರಲ್ಲಿ ಇನಾ ಅನ್ನುವ ಜಪಾನಿನ ಟೈಲ್ಸ್ ಕಂಪನಿಯಲ್ಲಿ ನಡೆದ ಪ್ರಯೋಗ ಈ ವಿಷಯದ ಪುಸ್ತಕಗಳಲ್ಲೆಲ್ಲ ಬರುತ್ತದೆ. ಗೂಡಿನೊಳಗೆ ಶಾಖ ಎಲ್ಲ ಕಡೆ ಸಮ ಇರುತ್ತಿರಲಿಲ್ಲ, ಹೊರಗಿನ ಸಾಲಿನ ಟೈಲ್ಸು ಒಂದು ಅಳತೆ, ಒಳಗಿನದು ಇನ್ನೊಂದು. ಗೂಡು ಬದಲಿಸಲು ಸಿಕ್ಕಾಪಟ್ಟೆ ಖರ್ಚು. ಅವರು ಗೂಡನ್ನು ಮುಟ್ಟಲೇ ಇಲ್ಲ. ಮಣ್ಣಿನ ಮಿಶ್ರಣದಲ್ಲಿ ಸುಣ್ಣದ ಪಾಲನ್ನು ಶೇಕಡಾ 1ರಿಂದ 5ಕ್ಕೆ ಏರಿಸಿದರು. ಶಾಖದ ಏರುಪೇರು ಹಾಗೇ ಇತ್ತು, ಟೈಲ್ಸಿನ ಅಳತೆ ಮಾತ್ರ ಅದಕ್ಕೆ ಅಷ್ಟಾಗಿ ಬಗ್ಗದೆ ಹೋಯಿತು. ನಮಗೂ ಕಾಯಿಲ್ಲು ಗೂಡಿನ ಹಾಗೆ. ಟ್ರೇಡರ್ ಒಂದೇ ಗ್ರೇಡು ಅಂತಲೇ ಬಿಲ್ ಹಾಕುತ್ತಾನೆ, ಒಂದು ಮೆತ್ತಗೆ ಬರುತ್ತದೆ, ಒಂದು ಬಿರುಸು. ಹನ್ನೆರಡು ಜನರ ಶಾಪು ಉಕ್ಕಿನ ಕಾರ್ಖಾನೆಯನ್ನು ತಿದ್ದೋಕಾಗುತ್ತಾ?

ಹಾಗಾಗಿ ಇನ್ನೊಂದು ಭಾನುವಾರ ಅದೇ ಒಂಬತ್ತು ಸಾಲನ್ನು ಮತ್ತೆ ಒತ್ತಿದೆವು. ಈ ಸಲ ಪ್ರತಿ ಸಾಲಿಗೂ ಮೆತ್ತನೆಯ ತಗಡು ಹತ್ತು, ಬಿರುಸಿನದು ಹತ್ತು. ಅಂಚಿಗೆ ಎಣ್ಣೆ, ನಡುವೆ ಒಣ. ಎಣ್ಣೆ ಹಚ್ಚುವುದು ಮೇಸ್ತ್ರಿ ಹೇಳಿದ ಹಾಗೆ. ಆಮೇಲೆ ನೋಡಿದರೆ ಗೆದ್ದದ್ದು ಬೇರೆ. ಮೆತ್ತನೆಯ ತಗಡಿಗೆ ಆರು ಟನ್ನೇ ಚೆನ್ನ, ಬಿರುಸಿಗೆ ಮೂರರ ಹತ್ತಿರ ಚೆನ್ನ. ಎರಡಕ್ಕೂ ಅತ್ಯುತ್ತಮ ಅಲ್ಲದ, ಆದರೆ ಯಾವುದಕ್ಕೂ ಕೈ ಕೊಡದ ನಾಲ್ಕೂವರೆ ಟನ್ ನಿಂತಿತು. ಆಫೀಸಿನಲ್ಲಾಗಿದ್ದರೆ ಇದನ್ನು ನಾನು ಎರಡನೇ ಸ್ಥಾನ ಅಂತ ಬಿಸಾಡುತ್ತಿದ್ದೆ.

ಮೇಸ್ತ್ರಿಗೆ ಒಪ್ಪಿಗೆಯಾಗದ ಸಂಗತಿಯೂ ಇತ್ತು. ನಿಧಾನ ಎಳೆದರೆ ಹರಿಯಲ್ಲ ಅಂತ ಅವರು ವರ್ಷಗಟ್ಟಲೆ ಪ್ರೆಸ್ಸನ್ನು ಆಮೆಯ ಹಾಗೆ ಓಡಿಸುತ್ತಿದ್ದರು. ಎರಡೂ ಸಲದ ಲೆಕ್ಕದಲ್ಲಿ ಆ ಮೂರು ವೇಗಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಜೊತೆಗೆ, ಒಂದು ನೆರಿಗೆ ಕಂಡ ಕೂಡಲೇ ಕುಶನ್ ಏರಿಸಿ, ಒಂದು ಸೀಳು ಕಂಡ ಕೂಡಲೇ ಇಳಿಸಿ, ಒಂದೇ ಕಾಯಿಲ್ಲಿನೊಳಗೂ ಮೇಲೆ ಕೆಳಗೆ ಆಡುತ್ತಿದ್ದರು. ಅಲ್ಲಿ ಡೆಮಿಂಗ್ ಗೆದ್ದ. ಇದನ್ನು ಅವರಿಗೆ ಹೇಳುವಾಗ ನನ್ನ ದನಿ ಹಿಂದಿನಷ್ಟು ಜೋರಿರಲಿಲ್ಲ. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಮಧ್ಯಮ ಓಡ್ಸಿ ನೋಡನ ಬಿಡಿ. ಜೋರು ಬೇಡ" ಅಂದರು. ಈಗ ಪ್ರೆಸ್ಸು ಮಧ್ಯಮದಲ್ಲಿ ಓಡುತ್ತದೆ. ವಾಲ್ವಿಗೆ ಬೀಗ ಇಲ್ಲ. ಕಾಯಿಲ್ಲು ಬದಲಾದಾಗ ಐದು ಪೀಸು ಒತ್ತಿ, ಒಂದನ್ನು ಕೊಯ್ದು ಅಳೆದು, ಬೇಕಾದರೆ ಮೇಸ್ತ್ರಿ ಮುಟ್ಟುತ್ತಾರೆ. ಮುಟ್ಟಿದ್ದನ್ನು ಬರೆಯುತ್ತಾರೆ. ರಿಜೆಕ್ಷನ್ ನೂರಕ್ಕೆ ಒಂದು, ಒಂದೂವರೆ. ಒಂದೊಂದು ವಾರ ಎರಡಕ್ಕೆ ಹೋಗುತ್ತದೆ, ಅವತ್ತು ಅಣ್ಣನ ಫೋನು ಬರುತ್ತದೆ.

ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಆ ಮೆಸೇಜು ಹಾಗೇ ಇದೆ. ಅಳಿಸುವ ಅವಧಿ ದಾಟಿತ್ತು. ಅದರ ಕೆಳಗೆ "ಮೇಸ್ತ್ರಿ ಅವರದ್ದು ಏನೂ ತಪ್ಪಿರಲಿಲ್ಲ, ನನ್ನದೇ ತಪ್ಪು" ಅಂತ ಹಾಕಿದೆ. ಹುಡುಗ ಒಂದು ಹೆಬ್ಬೆರಳು ಒತ್ತಿದ. ಮೇಸ್ತ್ರಿ ಏನೂ ಹಾಕಲಿಲ್ಲ.

ಆದರೆ ಮುಂದಿನ ಸಲ ಹೋದಾಗ ಬನಿಯನ್ ವೇಸ್ಟಿನ ಒಂದು ತುಂಡನ್ನು ನನ್ನ ಕೈಗೆ ಕೊಟ್ಟು, "ಬನ್ನಿ ಸಾ, ನೀವೊಂದು ಇಪ್ಪತ್ತೈದು ಒತ್ತಿ" ಅಂದರು. ಎಷ್ಟು ಅಗಲ ಒರೆಸಬೇಕು, ಅಂಚಿನಲ್ಲಿ ಎಷ್ಟು ಬಿಡಬೇಕು ಅಂತ ಎರಡು ತಗಡಿನಲ್ಲಿ ತೋರಿಸಿದರು. ನೋಡುವುದಕ್ಕೆ ಸುಲಭ. ನನ್ನ ಬಟ್ಟೆ ನಾಲ್ಕನೇ ತಗಡಿಗೇ ಎಣ್ಣೆ ಕುಡಿದು, ಒರೆಸುವ ಬದಲು ಹಚ್ಚತೊಡಗಿತ್ತು. ಅವರು ಯಾವಾಗ ಬಟ್ಟೆ ಮಡಚುತ್ತಾರೆ ಅಂತ ನಾನು ಗಮನಿಸಿಯೇ ಇರಲಿಲ್ಲ. ಇಪ್ಪತ್ತೈದರಲ್ಲಿ ನಾಲ್ಕು ಹರಿದವು. ಹುಡುಗ ರಿಜಿಸ್ಟರ್ ತೆಗೆದುಕೊಂಡು ಇದನ್ನು ಎಲ್ಲಿ ಬರೆಯಲಿ ಅಂತ ಮೇಸ್ತ್ರಿ ಮುಖ ನೋಡಿದ.

"ಕೊನೇ ಕಾಲಮ್ಮು ಇದ್ಯಲ್ಲ" ಅಂದರು.